ಪದ ಬೇಕು, ಇವತ್ತೇ ಬೇಕು: ರಿಂಗ್ ಜನರಲ್‌ಶಿಪ್

ಎಲ್ಲರಿಗೂ ನಮಸ್ಕಾರ.

ನಮ್ಮ ಬಡಾವಣೆಯ ಬಾಕ್ಸಿಂಗ್ ಜಿಮ್ಮಿನ ಗೋಡೆ ಮೇಲೆ ಕನ್ನಡದಲ್ಲಿ ಬರೆಸುತ್ತಿದ್ದೇವೆ. ಪ್ರೊಫೆಷನಲ್ ಬಾಕ್ಸಿಂಗಿನಲ್ಲಿ ತೀರ್ಪುಗಾರರು ಒಂದೊಂದು ಸುತ್ತನ್ನೂ ನಾಲ್ಕು ಅಂಶ ನೋಡಿ ಅಳೆಯುತ್ತಾರೆ. ಮೂರು ಬರೆದಾಯಿತು: ‘ಸ್ವಚ್ಛ ಪೆಟ್ಟು’, ‘ಫಲ ಕೊಡುವ ದಾಳಿ’, ‘ರಕ್ಷಣೆ’. ಉಳಿದದ್ದು ರಿಂಗ್ ಜನರಲ್‌ಶಿಪ್, ಅಂದರೆ ಕಾದಾಟವನ್ನು ತನ್ನ ಲೆಕ್ಕದಂತೆ ನಡೆಸುವುದು. ಬೋರ್ಡ್ ಬರೆಯುವವರು ಊಟಕ್ಕೆ ಹೋಗಿದ್ದಾರೆ. ಬರುವಷ್ಟರಲ್ಲಿ ಪದ ಇರಬೇಕಂತೆ. ಗೋಡೆಯಲ್ಲಿ ಹತ್ತು ಅಕ್ಷರದ ಜಾಗ ಇದೆ.

ಫೋನಿನ ಅನುವಾದ ‘ಉಂಗುರ’ ಎಂದು ಶುರು ಮಾಡಿತು. ಅಲ್ಲಿಗೇ ಬಿಟ್ಟೆ.

ಬೆಂಗಳೂರಿನಿಂದ

* * *

ಕಣದ ದಂಡನಾಯಕತ್ವ. ಜನರಲ್ ಅಂದರೆ ದಂಡನಾಯಕ. ಇದಕ್ಕೆ ಚರ್ಚೆ ಯಾಕೆ?

ಮೈಸೂರಿನಿಂದ

* * *

‘ಕಣ’ ಬೇಡ. ಬತ್ತ ಬಡಿಯುವ ಜಾಗ ಅದು. ಇದಕ್ಕಿಂತ ಒಳ್ಳೆಯ ಪದ ನಮ್ಮಲ್ಲೇ ಇದೆ, ಮರೆತಿದ್ದೇವೆ. ಹಳಗನ್ನಡದಲ್ಲಿ ‘ಅಂಕ’ ಎಂದರೆ ಇಬ್ಬರ ನಡುವಿನ ಕಾಳಗ. ಕರಾವಳಿಯ ಕೋಳಿ ಅಂಕದಲ್ಲಿ ಇವತ್ತಿಗೂ ಉಳಿದಿದೆ. ಒಡೆಯನ ಪರವಾಗಿ ಹೋರಾಡುವವನು ‘ಅಂಕಕಾರ’. ಕಬಡ್ಡಿ, ಟೆನಿಸ್ ಆಡುವ ಜಾಗವನ್ನು ಪತ್ರಿಕೆಗಳು ‘ಅಂಕಣ’ ಅನ್ನುತ್ತವೆ. ಆದ್ದರಿಂದ ‘ಅಂಕಕಾರಿಕೆ’. ಐದೇ ಅಕ್ಷರ. ಹಿಂದೆಯೂ ಈ ಪದವನ್ನು ಇಲ್ಲಿ ಸೂಚಿಸಿದ್ದೆ, ಯಾರೂ ಗಮನಿಸಲಿಲ್ಲ.

ಶಿವಮೊಗ್ಗದಿಂದ

* * *

> ಆದ್ದರಿಂದ ‘ಅಂಕಕಾರಿಕೆ’

ಜಿಮ್ಮಿಗೆ ಬರುವ ಹುಡುಗರು ಇದನ್ನು ‘ಅಂಕ ಹಾಕುವ ಕೆಲಸ’ ಎಂದು ಓದುತ್ತಾರೆ. ಅದೂ ಅಂಕಗಳ ಬಗ್ಗೆಯೇ ಇರುವ ಬೋರ್ಡಿನಲ್ಲಿ! ಬಿಡಿ.

ದಂಡನಾಯಕತ್ವವೂ ಆಗದು. ದಂಡು ಎಲ್ಲಿದೆ? ಇರುವುದು ಇಬ್ಬರು, ಒಂದು ಚೌಕ, ಸುತ್ತ ಹಗ್ಗ. ಪದ ಹುಡುಕುವ ಮೊದಲು ವಸ್ತು ಏನು ಅಂತ ನೋಡೋಣ, ಅಲ್ವಾ? ಕಾದಾಟ ಚೌಕದ ಯಾವ ಜಾಗದಲ್ಲಿ ನಡೆಯಬೇಕು, ಎಷ್ಟು ದೂರದಿಂದ, ಯಾವ ವೇಗದಲ್ಲಿ? ಇದನ್ನು ಯಾರು ತೀರ್ಮಾನಿಸುತ್ತಾರೋ ಅವರದ್ದು ಜನರಲ್‌ಶಿಪ್. ಮುಂದೆ ನುಗ್ಗುವವನದ್ದೇ ಅಂತ ಏನಿಲ್ಲ. ಎದುರಾಳಿ ಹೋದಲ್ಲೆಲ್ಲ ಹಿಂದೆ ಹಿಂದೆ ಹೋಗುವವನು ಬರೀ ಅಟ್ಟಿಸಿಕೊಂಡು ಹೋಗುತ್ತಿದ್ದಾನೆ. ಎದುರಾಳಿ ಹೊರಟ ಕಡೆಗೆ ಒಂದು ಹೆಜ್ಜೆ ಮೊದಲೇ ಅಡ್ಡ ನಿಂತು ಮೂಲೆಗೆ ಸೇರಿಸಿದರೆ, ಅದು ಬೇರೆ ಮಾತು.

ಹಗ್ಗಕ್ಕೆ ಒರಗಿದವನು ಸೋಲುತ್ತಿದ್ದಾನೆ ಅಂತಲೂ ಅಲ್ಲ. 1974ರಲ್ಲಿ ಕಿನ್‌ಶಾಸಾದಲ್ಲಿ ಜಾರ್ಜ್ ಫೋರ್‌ಮನ್ ಎದುರು ಮುಹಮ್ಮದ್ ಅಲಿ ಎರಡನೇ ಸುತ್ತಿನಿಂದ ತಾವಾಗೇ ಹೋಗಿ ಹಗ್ಗಕ್ಕೆ ಒರಗಿದರು. ಫೋರ್‌ಮನ್ ಹೊಡೆದೂ ಹೊಡೆದೂ ಸುಸ್ತಾದರು, ಎಂಟನೇ ಸುತ್ತಿನಲ್ಲಿ ಬಿದ್ದರು. ಹೊಡೆಯುತ್ತಿದ್ದವರು ಫೋರ್‌ಮನ್, ಹೊಡೆಸುತ್ತಿದ್ದವರು ಅಲಿ. ಅಲ್ಲಿ ನಾಕೌಟ್ ಆಗಿದ್ದರಿಂದ ಅಂಕದ ಹಾಳೆ ಕೆಲಸಕ್ಕೆ ಬರಲಿಲ್ಲ, ಅದು ಬೇರೆ.

ಅಂಕದ ಹಾಳೆಯಲ್ಲಿ ಇದರ ತೂಕ ನೋಡಬೇಕೆಂದರೆ 1987ರ ಏಪ್ರಿಲ್ 6, ಲಾಸ್ ವೇಗಸ್, ಮಾರ್ವಿನ್ ಹ್ಯಾಗ್ಲರ್ ಮತ್ತು ಶುಗರ್ ರೇ ಲೆನಾರ್ಡ್ ನಡುವಿನ ಪಂದ್ಯ. ಸುತ್ತು ಗೆದ್ದವನಿಗೆ 10, ಸೋತವನಿಗೆ ಸಾಮಾನ್ಯವಾಗಿ 9. ಹನ್ನೆರಡು ಸುತ್ತು. ಒಬ್ಬ ತೀರ್ಪುಗಾರ ಲೆನಾರ್ಡ್‌ಗೆ 118–110 ಕೊಟ್ಟರು, ಅಂದರೆ ಹತ್ತು ಸುತ್ತು ಅವರದ್ದೇ. ಇನ್ನೊಬ್ಬರು ಹ್ಯಾಗ್ಲರ್‌ಗೆ 115–113, ಅಂದರೆ ಏಳು ಸುತ್ತು. ಮೂರನೆಯವರು ಅದೇ 115–113 ಲೆನಾರ್ಡ್‌ಗೆ. ಮೂವರೂ ನೋಡಿದ್ದು ಒಂದೇ ಪಂದ್ಯ! ಹ್ಯಾಗ್ಲರ್ ಮುಂದೆ ಮುಂದೆ ಬರುತ್ತಲೇ ಇದ್ದರು. ಲೆನಾರ್ಡ್ ಸುತ್ತುತ್ತಾ ತಪ್ಪಿಸಿಕೊಂಡು, ಸುತ್ತಿನ ಕೊನೇ ಅರ್ಧ ನಿಮಿಷದಲ್ಲಿ ಪಟಪಟ ಅಂತ ಪೆಟ್ಟು ಸುರಿಸುತ್ತಿದ್ದರು. ಮುಂದೆ ಬಂದದ್ದನ್ನು ದಾಳಿ ಎಂದು ಎಣಿಸಿದವರಿಗೆ ಹ್ಯಾಗ್ಲರ್ ಗೆದ್ದರು. ಲೆನಾರ್ಡ್ ಎದುರಾಳಿಯನ್ನು ತಮಗೆ ಬೇಕಾದಲ್ಲಿಗೆ ಕರೆದುಕೊಂಡು ಹೋಗುತ್ತಿದ್ದಾರೆ ಎಂದುಕೊಂಡವರಿಗೆ ಲೆನಾರ್ಡ್. ಜನ ಇವತ್ತಿಗೂ ಜಗಳ ಆಡುತ್ತಾರೆ. ಹ್ಯಾಗ್ಲರ್ ಮತ್ತೆ ರಿಂಗಿಗೆ ಇಳಿಯಲೇ ಇಲ್ಲ.

ಹಾಗಂತ ಇದೊಂದರಿಂದಲೇ ಸುತ್ತು ಗೆಲ್ಲುತ್ತಾರೆ ಅಂತ ಹುಡುಗರಿಗೆ ಹೇಳಬೇಡಿ. ಮೊದಲು ನೋಡುವುದು ಪೆಟ್ಟು. ಪೆಟ್ಟು ಸರಿಸಮ ಅನ್ನಿಸಿದಾಗ ತಕ್ಕಡಿ ಇದರಿಂದ ವಾಲುತ್ತದೆ.

ನನ್ನ ಓಟು: ಕಣದ ಹಿಡಿತ.

ಧಾರವಾಡದಿಂದ

* * *

‘ಹಿಡಿತ’ ಎಂದರೆ ಕುಸ್ತಿಯಲ್ಲಿ ಹಿಡಿಯುವುದು ಅಂತಾಗುವುದಿಲ್ಲವೇ? ಬಾಕ್ಸಿಂಗಿನಲ್ಲಿ ಹಿಡಿದರೆ ರೆಫರಿ ಬಿಡಿಸುತ್ತಾನೆ. ನಮ್ಮ ಕಡೆ ಯಕ್ಷಗಾನದಲ್ಲಿ ‘ರಂಗನಡೆ’ ಎನ್ನುತ್ತಾರೆ. ಎಲ್ಲಿ ನಿಲ್ಲಬೇಕು, ಯಾವಾಗ ತಿರುಗಬೇಕು, ಎದುರು ವೇಷಕ್ಕೆ ಎಷ್ಟು ಜಾಗ ಬಿಡಬೇಕು, ಎಲ್ಲ ಅದರಲ್ಲೇ ಬಂತು. ರಿಂಗ್, ರಂಗ: ಸದ್ದೂ ಹತ್ತಿರ. ಎರಡೂ ಒಂದೇ ಬೇರಿನಿಂದ ಬಂದಿರಬೇಕು.

ಕುಂದಾಪುರದಿಂದ

* * *

ಇಲ್ಲ. ರಿಂಗ್ ಎಂದರೆ ಬಳೆ, ವೃತ್ತ. ರಂಗ ಸಂಸ್ಕೃತದ್ದು, ಬಣ್ಣದ ಬೇರು. ಸದ್ದು ಹತ್ತಿರ ಎಂದು ನೆಂಟಸ್ತನ ಕಟ್ಟಬಾರದು.

ಮತ್ತು ರಂಗನಡೆಯಲ್ಲಿ ಎದುರಿನವರಿಗೆ ಜಾಗ ಬಿಡುತ್ತಾರೆ. ಇಲ್ಲಿ ಜಾಗ ಕಿತ್ತುಕೊಳ್ಳುತ್ತಾರೆ.

ಧಾರವಾಡದಿಂದ

* * *

ಯಾರಾದರೂ ‘ಕಣನಿಯಂತ್ರಣ’ ಎನ್ನುವ ಮೊದಲೇ ಹೇಳಿಬಿಡುತ್ತೇನೆ: ಅರಿಸಮಾಸ. ಕಣ ಕನ್ನಡ, ನಿಯಂತ್ರಣ ಸಂಸ್ಕೃತ. ‘ಕಣದ ದಂಡನಾಯಕತ್ವ’ ಸಮಾಸವಲ್ಲ, ಷಷ್ಠೀ ವಿಭಕ್ತಿ ಬಿಡಿಬಿಡಿಯಾಗಿದೆ, ಆದ್ದರಿಂದ ದೋಷವಿಲ್ಲ. ನನ್ನ ಪದವನ್ನು ಹಿಂತೆಗೆದುಕೊಳ್ಳುವುದಿಲ್ಲ.

ಮೈಸೂರಿನಿಂದ

* * *

ಮೈಸೂರಿನವರೇ, ಅರಿಸಮಾಸ ಯಾರೂ ಮಾಡಿಯೇ ಇಲ್ಲ. ಇನ್ನೂ ಮಾಡದ ತಪ್ಪಿಗೆ ದಂಡ ಹಾಕಿದಿರಿ. ಬಿರುದುಗಳಲ್ಲಿ, ಹಿಂದಿನ ಕವಿಗಳ ಪ್ರಯೋಗದಲ್ಲಿ ಬಂದದ್ದನ್ನು ಕೇಶಿರಾಜನೇ ಒಪ್ಪಿದ್ದಾನೆ. ನೀವು ಒಪ್ಪಲ್ಲ.

ನಿಮ್ಮ ಊರಿನ ವಜ್ರಮುಷ್ಟಿಯಲ್ಲಿ ಇಂಥ ಪದ ಇದೆಯೇ? ಇರಲಾರದು. ದಸರೆಯಲ್ಲಿ ಜಟ್ಟಿಗಳು ಕಾದುವಾಗ ಮೊದಲ ರಕ್ತ ಕಂಡರೆ ಪಂದ್ಯ ಮುಗೀತು. ಅಂಕದ ಹಾಳೆಯೇ ಇಲ್ಲದ ಕಡೆ ಈ ಪದಕ್ಕೇನು ಕೆಲಸ? ವಸ್ತು ಹೊರಗಿನಿಂದ ಬಂತು, ಪದವೂ ಜೊತೆಗೆ ಬರಲಿ. ‘ರಿಂಗ್ ಜನರಲ್‌ಶಿಪ್’ ಅಂತಲೇ ಬರೆಯಿರಿ. ನಾವು ಗರಡಿಯಲ್ಲಿ ‘ಕುಸ್ತಿ’ ಅನ್ನುತ್ತೇವೆ, ಪಾರಸಿ. ‘ಪೈಲ್ವಾನ್’, ಪಾರಸಿ. ‘ಉಸ್ತಾದ್’, ಪಾರಸಿ. ಮಣ್ಣಿನಲ್ಲಿ ಬಿದ್ದೆದ್ದವರು ಯಾರೂ ಬೇರು ಕೇಳಿಲ್ಲ.

ದಾವಣಗೆರೆಯಿಂದ

* * *

ಕುಸ್ತಿ ಬಂದು ನೂರಾರು ವರ್ಷ ನಾಲಿಗೆಯಲ್ಲಿ ಹೊರಳಿ ನಮ್ಮದಾಗಿದೆ. ಜನರಲ್‌ಶಿಪ್ ನಿನ್ನೆ ಬಂದದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಸೋಮಾರಿತನ. ಹೀಗೆ ಬಿಟ್ಟುಬಿಟ್ಟು ಕನ್ನಡದಲ್ಲಿ ಕ್ರಿಯಾಪದ ಮಾತ್ರ ಉಳಿಯುತ್ತದೆ. ‘ಅಂಕಕಾರಿಕೆ’ಯನ್ನು ಮತ್ತೊಮ್ಮೆ ಪರಿಶೀಲಿಸಿ.

ಶಿವಮೊಗ್ಗದಿಂದ

* * *

ಕ್ರಿಯಾಪದ ಉಳಿದರೆ ಸಾಕು ಸರ್. ನಿಜಕ್ಕೂ ಇಲ್ಲಿ ಬೇಕಾದದ್ದು ಅದೇ. ‘ಅವನು ಆಡಲಿಲ್ಲ, ಎದುರಿನವನನ್ನು ಆಡಿಸಿದ’ ಅಂತೀವಲ್ಲ, ಅದಕ್ಕಿಂತ ಚೆನ್ನಾಗಿ ಈ ಅರ್ಥವನ್ನು ಯಾವ ನಾಮಪದವೂ ಹೇಳುವುದಿಲ್ಲ. ‘ಆಡಿಸುವ ಜಾಣ್ಮೆ’ ಅನ್ನಬಹುದು. ಹುಡುಗರಿಗೆ ಬಾಯಲ್ಲಿ ಹೀಗೇ ಹೇಳಿಕೊಡಿ, ಗೋಡೆಗೆ ‘ಕಣದ ಹಿಡಿತ’ ಇರಲಿ. ‘ಮೇಲುಗೈ’ ಮಾತ್ರ ಬೇಡ. ಸುತ್ತು ಗೆದ್ದವರಿಗೂ ಅದನ್ನೇ ಅನ್ನುತ್ತೇವೆ, ಗೊಂದಲ ಆಗುತ್ತದೆ.

ಧಾರವಾಡದಿಂದ

* * *

ಎಲ್ಲರಿಗೂ ಧನ್ಯವಾದ. ಬೋರ್ಡಿನವರು ಊಟ ಮುಗಿಸಿ ಬಂದಾಗ ಪಟ್ಟಿಯನ್ನು ಓದಿ ಹೇಳಿದೆ. ‘ಅಂಕಕಾರಿಕೆ’ಗೆ ಕಾಗುಣಿತ ಕೇಳಿದರು. ‘ದಂಡನಾಯಕತ್ವ’ ಕೇಳಿ, ಇದೇನು ಸ್ಕೂಲ್ ಡೇ ನಾಟಕವಾ ಅಂದರು. ‘ಕಣದ ಹಿಡಿತ’ ಕೇಳಿದ ತಕ್ಷಣ ಏಣಿ ಹತ್ತಿದರು. ಬರೆದಾಯಿತು. ಹಳದಿ ಬಣ್ಣ, ಕೆಂಪು ಅಂಚು.

ಬೆಂಗಳೂರಿನಿಂದ

* * *

ಸಂತೋಷ. ಮೊದಲ ಸಾಲಿನಲ್ಲಿ ‘ಸ್ವಚ್ಛ ಪೆಟ್ಟು’ ಎಂದಿದೆಯಲ್ಲ, ಅದನ್ನು ಯಾರೂ ನೋಡಲಿಲ್ಲವೇ? ಪೆಟ್ಟೇನು ನೆಲವೇ, ಗುಡಿಸಿ ಸ್ವಚ್ಛ ಮಾಡಲು?

ಮೈಸೂರಿನಿಂದ