ಗಿಟಾರ್ ಜೊತೆ ಚಿಕ್ಕ ಸ್ಯಾಂಪ್ಲರ್: ಪೆಡಲ್‌ಗಳ ಮುಂಚೆ ಇಡಬೇಕಾ, ಆಮೇಲಾ?

ಒಂಟಿತಂತಿ

ನಮಸ್ಕಾರ. ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತೇನೆ. ಟ್ಯೂನರ್, ಓವರ್‌ಡ್ರೈವ್ (ಸದ್ದನ್ನು ಒರಟು ಮಾಡುವುದು), ಡಿಲೇ (ಪ್ರತಿಧ್ವನಿ ಕೊಡುವುದು), ಇಷ್ಟು ಪೆಡಲ್ ಇವೆ, ಜೊತೆಗೆ ಒಂದು ಚಿಕ್ಕ ಗಿಟಾರ್ ಆಂಪ್. ಈಗ ಬ್ಯಾಗಿನಲ್ಲಿ ಹಿಡಿಯುವಂಥ ಸ್ಯಾಂಪ್ಲರ್ ಒಂದನ್ನು, ಅಂದರೆ ಸದ್ದನ್ನು ರೆಕಾರ್ಡ್ ಮಾಡಿಕೊಂಡು ಪ್ಯಾಡ್ ಒತ್ತಿದಾಗ ನುಡಿಸುವ ಯಂತ್ರವನ್ನು, ತಗೊಂಡಿದ್ದೇನೆ. ಮಾಡೆಲ್ ಹೆಸರು ಬೇಕಂತಲೇ ಹಾಕುತ್ತಿಲ್ಲ, ಹಾಕಿದರೆ ಚರ್ಚೆ ಪೂರ್ತಿ ಯಾವ ಬ್ರ್ಯಾಂಡ್ ದೊಡ್ಡದು ಅಂತಲೇ ಹೋಗುತ್ತದೆ. 3.5 ಎಂಎಂ ಲೈನ್ ಇನ್, 3.5 ಎಂಎಂ ಔಟ್, ಒಂದು ಪುಟ್ಟ ಮಿಡಿ ಜಾಕ್ (ಸಂಗೀತ ಯಂತ್ರಗಳು ಒಂದಕ್ಕೊಂದು ಸೂಚನೆ ಕಳುಹಿಸಲು), ಅಷ್ಟೇ.

ಗಿಟಾರನ್ನು ಕನ್ವರ್ಟರ್ ಪಿನ್ ಹಾಕಿ ನೇರವಾಗಿ ಲೈನ್ ಇನ್‌ಗೆ ಕೊಟ್ಟರೆ ಸದ್ದು ಮಂಕಾಗಿ ಬರುತ್ತದೆ, ಮೇಲೆ ಕಂಬಳಿ ಹೊದಿಸಿದ ಹಾಗೆ. ಅದೂ ಹೆಡ್‌ಫೋನಿನ ಎಡಕಿವಿಯಲ್ಲಿ ಮಾತ್ರ. ಸ್ಯಾಂಪ್ಲರ್ ಔಟನ್ನು ಆಂಪ್‌ಗೆ ಕೊಟ್ಟರೆ ಡ್ರಮ್ಸ್ ಕೂಡ ಸತ್ತ ಹಾಗಿರುತ್ತದೆ, ಹೈ-ಹ್ಯಾಟ್ ಕೇಳುವುದೇ ಇಲ್ಲ. ಪೆಡಲ್‌ಗಳ ಮುಂಚೆ ಇಡಬೇಕಾ, ಕೊನೆಯಲ್ಲಿ ಇಡಬೇಕಾ? ನೀವೆಲ್ಲ ಹೇಗೆ ಜೋಡಿಸಿಕೊಂಡಿದ್ದೀರಿ?

ಹನ್ನೆರಡನೇ ಮೆಟ್ಟು

ನಿಮ್ಮ ಸ್ಯಾಂಪ್ಲರ್ ಸರಿಯಾಗೇ ಇದೆ. ಇಲ್ಲಿ ಮೂರು ಬೇರೆ ಬೇರೆ ವಿಷಯ ಒಟ್ಟಿಗೆ ಸೇರಿಕೊಂಡಿವೆ.

ಮಂಕು ಯಾಕೆ ಅಂದರೆ ಇಂಪಿಡೆನ್ಸ್, ಅಂದರೆ ಸಿಗ್ನಲ್‌ಗೆ ಎದುರಾಗುವ ವಿದ್ಯುತ್ ತಡೆ. ಬ್ಯಾಟರಿ ಇಲ್ಲದ ಮಾಮೂಲಿ ಪಿಕಪ್ (ಗಿಟಾರ್ ತಂತಿಯ ಕಂಪನ ಹಿಡಿಯುವ ಭಾಗ) ಅಂದರೆ ತಾಮ್ರದ ತಂತಿಯ ಸುರುಳಿ. ಸ್ವರ ಮೇಲೆ ಹೋದಷ್ಟೂ ಅದರ ಇಂಪಿಡೆನ್ಸ್ ಏರುತ್ತದೆ. ಹಾಗಾಗಿ ಗಿಟಾರ್‌ಗೆಂದೇ ಮಾಡಿದ ಇನ್‌ಪುಟ್ ಸುಮಾರು 10 ಲಕ್ಷ ಓಮ್ ಇರುತ್ತದೆ, ಪಿಕಪ್ ಮೇಲೆ ಭಾರ ಬೀಳುವುದಿಲ್ಲ. ಲೈನ್ ಇನ್ ಸಾಮಾನ್ಯವಾಗಿ ಕೆಲವು ಹತ್ತು ಸಾವಿರ ಓಮ್ ಅಷ್ಟೇ. ಆ ಭಾರಕ್ಕೆ ಮೊದಲು ಸಾಯುವುದು ತೀಕ್ಷ್ಣ ಸ್ವರಗಳು. ಗೇನ್ ಎಷ್ಟೇ ಏರಿಸಿದರೂ ಅವು ವಾಪಸ್ ಬರುವುದಿಲ್ಲ, ಗದ್ದಲ ಜಾಸ್ತಿ ಆಗುತ್ತದೆ ಅಷ್ಟೇ. ಮಧ್ಯೆ ಒಂದು ಬಫರ್ (ಪಿಕಪ್ ಮೇಲೆ ಭಾರ ಬೀಳದಂತೆ ತಡೆಯುವ ಚಿಕ್ಕ ಸರ್ಕ್ಯೂಟ್) ಇದ್ದರೆ ಸಮಸ್ಯೆ ಮುಗಿಯಿತು. ಅದಕ್ಕೆಂದು ಬೇರೆ ಖರ್ಚು ಮಾಡಬೇಕಾಗಿಲ್ಲ, ಆನ್ ಆಗಿರುವ ಯಾವುದೇ ಓವರ್‌ಡ್ರೈವ್ ಅಥವಾ ಡಿಲೇಯಿಂದ ಹೊರಬರುವ ಸಿಗ್ನಲ್ ಲೈನ್ ಇನ್‌ಗೆ ಸಾಕು.

ಎಡಕಿವಿಯ ವಿಷಯ ಸುಲಭ. ಗಿಟಾರ್ ಕೇಬಲ್ ಮೊನೊ, ಸ್ಯಾಂಪ್ಲರ್ ಜಾಕ್ ಸ್ಟೀರಿಯೊ. ಮೊನೊ ಸಿಗ್ನಲನ್ನು ಎರಡೂ ಕಡೆಗೆ ಹಂಚುವ ಕನ್ವರ್ಟರ್ ಸಿಗುತ್ತದೆ. ಇಲ್ಲವೇ ಸೆಟ್ಟಿಂಗ್‌ನಲ್ಲಿ ಮೊನೊ ರೆಕಾರ್ಡಿಂಗ್ ಇದ್ದರೆ ಅದನ್ನೇ ಆರಿಸಿ, ಮೆಮೊರಿ ಅರ್ಧ ಉಳಿಯುತ್ತದೆ. 64 ಎಂಬಿ ಮೆಮೊರಿಯ ಯಂತ್ರಗಳಲ್ಲಿ ಇದು ಸಣ್ಣ ಉಳಿತಾಯ ಅಲ್ಲ.

ಡ್ರಮ್ಸ್ ಸಾಯುವುದಕ್ಕೆ ಆಂಪೇ ಕಾರಣ. ಗಿಟಾರ್ ಆಂಪಿನ ಸ್ಪೀಕರ್ ಸುಮಾರು 5 ಸಾವಿರ ಹರ್ಟ್ಸ್ ದಾಟಿದ ಮೇಲೆ ಜೋರಾಗಿ ಇಳಿದುಬಿಡುತ್ತದೆ. ಡಿಸ್ಟಾರ್ಷನ್ ಕಿವಿಗೆ ಚುಚ್ಚದೆ ಇರುವುದು ಅದರಿಂದಲೇ, ಗಿಟಾರ್‌ಗೆ ಅದು ವರ. ಹೈ-ಹ್ಯಾಟಿನ ಜೀವ ಇರುವುದು ಮಾತ್ರ ಅದಕ್ಕಿಂತ ಮೇಲೆ. ಡ್ರಮ್ಸ್ ಕೇಳಬೇಕು ಅಂದರೆ ಸ್ಯಾಂಪ್ಲರ್ ಔಟ್ ಮಿಕ್ಸರ್‌ಗೋ ಪವರ್ಡ್ ಸ್ಪೀಕರ್‌ಗೋ ಹೋಗಬೇಕು.

ಲೂಪ್‌ಲೋಕ

ಮೇಲಿನವರು ಹೇಳಿದ್ದು ಸರಿ. ಆದರೆ ನನಗೊಂದು ಅನುಮಾನ, ನಿಮಗೆ ಸ್ಯಾಂಪ್ಲರ್ ಬೇಕಾಗಿತ್ತಾ? ಗಿಟಾರ್ ನುಡಿಸುವವನ ಎರಡು ಕೈಯೂ ತಂತಿ ಮೇಲೆ ಇರುತ್ತವೆ. ಲೂಪರ್ ಪೆಡಲ್ ಆದರೆ ಕಾಲಲ್ಲಿ ಒತ್ತಿ ಮುಗಿಸಬಹುದು. ಪ್ಯಾಡ್ ಬಡಿಯಲು ಮೂರನೇ ಕೈ ಎಲ್ಲಿಂದ ತರುತ್ತೀರಿ? ಸ್ಯಾಂಪ್ಲರ್ ತಗೊಂಡ ಎಷ್ಟೋ ಗಿಟಾರ್‌ನವರು ಕೊನೆಗೆ ಅದನ್ನು ಡ್ರಮ್ ಮಶೀನ್ ಮಾಡಿಕೊಂಡು ಕೂತಿರುತ್ತಾರೆ.

ಕತ್ತರಿ_ಅಂಟು

@ಲೂಪ್‌ಲೋಕ ಇದನ್ನು ನಾನು ಒಪ್ಪುವುದಿಲ್ಲ ಮಾರಾಯ್ರೇ. ಲೂಪರ್ ನೀವು ನುಡಿಸಿದ್ದನ್ನು ನುಡಿಸಿದ ಹಾಗೇ ತಿರುಗಿಸುತ್ತದೆ. ಸ್ಯಾಂಪ್ಲರ್ ಅದನ್ನು ಕತ್ತರಿಸಿ ಬೇರೆಯೇ ಮಾಡಿ ಕೊಡುತ್ತದೆ. ಒಂದು ಉದ್ದದ ಕಾರ್ಡ್ ಸಾಲನ್ನು ಎಂಟು ತುಂಡು ಮಾಡಿ, ಹಿಂದುಮುಂದು ಜೋಡಿಸಿ, ಒಂದು ತುಂಡನ್ನು ಉಲ್ಟಾ ಓಡಿಸಿದರೆ ಬರುವ ಸಾಲನ್ನು ನೀವು ಗಿಟಾರ್ ಹಿಡಿದು ಯಾವತ್ತೂ ಯೋಚಿಸುತ್ತಿರಲಿಲ್ಲ. ಅದಕ್ಕೇ ಅಲ್ವಾ ಇದನ್ನು ತಗೊಳ್ಳುವುದು?

ಕೈಯ ಸಮಸ್ಯೆ ನಿಜ, ಆದರೆ ಉಪಾಯ ಇದೆ. ಮೊದಲು ಗಿಟಾರ್ ಕೆಳಗಿಟ್ಟು ಪ್ಯಾಟರ್ನ್ ಕಟ್ಟಿ, ಸೀಕ್ವೆನ್ಸರ್ ಅದನ್ನು ನಡೆಸುತ್ತಿರಲಿ, ಆಮೇಲೆ ಅದರ ಮೇಲೆ ನುಡಿಸಿ. ನುಡಿಸುತ್ತಲೇ ಭಾಗ ಬದಲಿಸಬೇಕು ಅಂದರೆ ಮಿಡಿ ನೋಟ್ ಕಳುಹಿಸುವ ಫುಟ್ ಕಂಟ್ರೋಲರ್ ಇಟ್ಟುಕೊಳ್ಳಿ, ಬಹಳಷ್ಟು ಸ್ಯಾಂಪ್ಲರ್‌ಗಳು ಮಿಡಿ ನೋಟಿಗೆ ಪ್ಯಾಡ್ ಒತ್ತಿದಂತೆಯೇ ಸ್ಪಂದಿಸುತ್ತವೆ.

@ಒಂಟಿತಂತಿ ಮುಂಚೆಯಾ ಆಮೇಲಾ ಅನ್ನುವುದಕ್ಕೆ ಬರುತ್ತೇನೆ. ಪೆಡಲ್‌ಗಳ ಆಮೇಲೆ ಇಟ್ಟರೆ ಸ್ಯಾಂಪಲ್ ಜೊತೆ ಡಿಲೇ, ಓವರ್‌ಡ್ರೈವ್ ಎಲ್ಲ ಸೇರಿಯೇ ಅಚ್ಚಾಗುತ್ತದೆ. ನನಗೆ ಓವರ್‌ಡ್ರೈವ್ ಸೇರಿದ್ದರೆ ಇಷ್ಟ, ಡಿಲೇ ಸೇರಿದ್ದರೆ ಇಷ್ಟ ಇಲ್ಲ. ಯಾಕೆಂದರೆ ಕತ್ತರಿಸಿದಾಗ ಡಿಲೇಯ ಪ್ರತಿಧ್ವನಿಯೂ ಮಧ್ಯದಲ್ಲೇ ತುಂಡಾಗುತ್ತದೆ, ಜೋಡಿಸಿದಾಗ ಗಬ್ಬೆದ್ದು ಹೋಗುತ್ತದೆ. ಅದಕ್ಕೆ ಗಿಟಾರ್, ಟ್ಯೂನರ್, ಓವರ್‌ಡ್ರೈವ್, ಆಮೇಲೆ ಸ್ಯಾಂಪ್ಲರ್ ಇನ್. ಸ್ಯಾಂಪ್ಲರ್ ಔಟಿನಿಂದ ಡಿಲೇ, ಅಲ್ಲಿಂದ ಮಿಕ್ಸರ್. ಆದರೆ ಸ್ಯಾಂಪ್ಲರ್ ಔಟ್ ಲೈನ್ ಮಟ್ಟದ್ದು, ಪೆಡಲ್ ಎದುರು ನೋಡುವುದು ಗಿಟಾರಿನ ಸಣ್ಣ ಸಿಗ್ನಲನ್ನು. ವಾಲ್ಯೂಮ್ ತೀರಾ ಕಡಿಮೆಯಿಂದ ಶುರುಮಾಡಿ ಮೆಲ್ಲಗೆ ಏರಿಸಿ. ಒಡೆಯುವ ಸದ್ದು ಬಂದ ಕೂಡಲೇ ನಿಲ್ಲಿಸಿ, ಅದು ಹಿತವಾದ ಒಡಕು ಆಗಿರುವುದಿಲ್ಲ. ಇನ್ನೊಂದು, ಡಿಲೇ ಮೊನೊ ಆಗಿದ್ದರೆ ಡ್ರಮ್ಸ್ ಕೂಡ ಮೊನೊ ಆಗುತ್ತವೆ, ಮತ್ತು ಡಿಲೇ ಆನ್ ಮಾಡಿದರೆ ಕಿಕ್ಕಿಗೂ ಪ್ರತಿಧ್ವನಿ. ಅದು ಬೇಡ ಅಂದರೆ ಡಿಲೇಯನ್ನು ಮಿಕ್ಸರಿನ ಸೆಂಡ್‌ನಲ್ಲಿ (ಮೂಲ ಸದ್ದನ್ನು ಹಾಗೇ ಬಿಟ್ಟು ಬೇಕಾದಷ್ಟನ್ನು ಮಾತ್ರ ಎಫೆಕ್ಟಿಗೆ ಕಳುಹಿಸುವ ದಾರಿ) ಹಾಕಿ.

ಗಿಟಾರ್ ಲೂಪ್ ರೆಕಾರ್ಡ್ ಮಾಡುವಾಗ ಒಂದು ಅಭ್ಯಾಸ ಬೆಳೆಸಿಕೊಳ್ಳಿ: ಅದೇ ಸಾಲನ್ನು ಎರಡು ಆವರ್ತನ ಬಿಡದೆ ನುಡಿಸಿ, ಎರಡನೆಯದನ್ನು ಕತ್ತರಿಸಿ ಇಟ್ಟುಕೊಳ್ಳಿ. ಮೊದಲ ಆವರ್ತನದ ಕೊನೆಯ ಕಾರ್ಡಿನ ಬಾಲ ಎರಡನೆಯದರ ಶುರುವಿನಲ್ಲಿ ಕೂತಿರುತ್ತದೆ, ಹಾಗಾಗಿ ಲೂಪ್ ತಿರುಗುವ ಜಾಗದಲ್ಲಿ ಹಳ್ಳ ಬೀಳುವುದಿಲ್ಲ. ಉದ್ದ ಎಷ್ಟು ಬೇಕು ಅಂತ ಮುಂಚೆಯೇ ಲೆಕ್ಕ ಹಾಕಿ. 90 ಬಿಪಿಎಂನಲ್ಲಿ (ನಿಮಿಷಕ್ಕೆ 90 ಬಡಿತ) ನಾಲ್ಕು ಬಡಿತದ ನಾಲ್ಕು ಬಾರ್ ಅಂದರೆ 10.67 ಸೆಕೆಂಡ್. ಪಿಒ-33 ಥರದ ಪುಟ್ಟ ಸ್ಯಾಂಪ್ಲರಿನಲ್ಲಿ ಒಟ್ಟು ಸಿಗುವುದೇ 40 ಸೆಕೆಂಡ್, ಅಲ್ಲಿ ಈ ಲೆಕ್ಕ ಬಹಳ ಮುಖ್ಯ. ಕಾರ್ಡ್ ತುಂಡುಗಳನ್ನು ಒಂದೇ ಮ್ಯೂಟ್ ಗ್ರೂಪಿಗೆ ಹಾಕುವುದನ್ನೂ ಮರೆಯಬೇಡಿ, ಹೊಸ ಕಾರ್ಡ್ ಬಂದಾಗ ಹಳೆಯದು ತಾನಾಗೇ ನಿಲ್ಲುತ್ತದೆ. ಇಲ್ಲದಿದ್ದರೆ ಎಲ್ಲ ಕಲಸುಮೇಲೋಗರ.

ಹಳೆಯ ಕಾಲದ ಒಂದು ತಂತ್ರ ಗಿಟಾರಿಗೂ ಚೆನ್ನಾಗಿ ಹೊಂದುತ್ತದೆ. 1987ರ ಎಸ್‌ಪಿ-1200 ಸ್ಯಾಂಪ್ಲರಿನಲ್ಲಿ ಇದ್ದದ್ದು ಸುಮಾರು 10 ಸೆಕೆಂಡ್ ಜಾಗ, 12 ಬಿಟ್. ಜಾಗ ಉಳಿಸಲು ಜನ ನಿಮಿಷಕ್ಕೆ 33 ಸುತ್ತಿನ ರೆಕಾರ್ಡನ್ನು 45 ಸುತ್ತಿನ ವೇಗದಲ್ಲಿ ಓಡಿಸಿ ಸ್ಯಾಂಪಲ್ ಮಾಡಿ, ಆಮೇಲೆ ಯಂತ್ರದಲ್ಲಿ ಪಿಚ್ ಇಳಿಸುತ್ತಿದ್ದರು. ಆ ಒರಟು ಸದ್ದು ಬಂದದ್ದು ಹಾಗೆ. ನೀವು ಕ್ಯಾಪೊ (ತಂತಿಗಳನ್ನು ಒತ್ತಿ ಶ್ರುತಿ ಏರಿಸುವ ಕ್ಲಿಪ್) ಮೇಲೆ ಹಾಕಿ ಜೋರು ವೇಗದಲ್ಲಿ ನುಡಿಸಿ, ಸ್ಯಾಂಪ್ಲರಿನಲ್ಲಿ ಐದೋ ಏಳೋ ಸೆಮಿಟೋನ್ ಇಳಿಸಿ ನೋಡಿ. ಟೈಮ್ ಸ್ಟ್ರೆಚ್ (ಪಿಚ್ ಬದಲಿಸಿದರೂ ವೇಗ ಬದಲಾಗದಂತೆ ಮಾಡುವುದು) ಆಫ್ ಇರಬೇಕು. ತಂತಿ ದಪ್ಪಗೆ, ಸ್ವಲ್ಪ ಸೋಮಾರಿಯಾಗಿ ಕೇಳುತ್ತದೆ. ನನಗಂತೂ ಹುಚ್ಚು ಹಿಡಿಸಿದೆ.

ಲೂಪ್‌ಲೋಕ

@ಕತ್ತರಿ_ಅಂಟು ಸರಿ ಸರಿ, ಫುಟ್ ಕಂಟ್ರೋಲರ್ ಇದ್ದರೆ ನನ್ನ ವಾದ ಅರ್ಧ ಬಿತ್ತು. ಆದರೂ ಬ್ಯಾಗಿನಲ್ಲಿ ಹಿಡಿಯುವ ಯಂತ್ರ ಅಂತ ಶುರುವಾಗಿ ಮಿಕ್ಸರ್, ಪವರ್ಡ್ ಸ್ಪೀಕರ್, ಫುಟ್ ಕಂಟ್ರೋಲರ್ ಅಂತ ಎಲ್ಲಿಗೋ ಹೋಯಿತು ನೋಡಿ. ಇನ್ನೂ ತಗೊಳ್ಳದೆ ಇದನ್ನು ಓದುತ್ತಿರುವವರು ಗಿಟಾರ್ ಇನ್‌ಪುಟ್ ಇರುವ ಸ್ಯಾಂಪ್ಲರನ್ನೇ ನೋಡಿ. ಎಸ್‌ಪಿ-404 ಎಂಕೆ2ನಲ್ಲಿ ಗಿಟಾರ್ ನೇರ ಚುಚ್ಚಬಹುದು, ಒಳಗೇ ಆಂಪ್ ಸಿಮ್ಯುಲೇಷನ್ ಇದೆ. ಸ್ಕಿಪ್ ಬ್ಯಾಕ್ ಅಂತ ಒಂದಿದೆ, ರೆಕಾರ್ಡ್ ಒತ್ತದೆ ಸುಮ್ನೆ ನುಡಿಸುತ್ತಿದ್ದರೂ ಹಿಂದಿನ ಕೆಲವು ಸೆಕೆಂಡ್ ಅದು ಹಿಡಿದಿಟ್ಟಿರುತ್ತದೆ. ಗಿಟಾರಿನವರಿಗೆ ಅದಕ್ಕಿಂತ ಒಳ್ಳೆಯ ಸೌಲಭ್ಯ ಇಲ್ಲ, ಕೆಂಪು ದೀಪ ಹತ್ತಿದರೆ ಬೆರಳು ಬಿಗಿಯಾಗುವುದು ಎಲ್ಲರಿಗೂ ಗೊತ್ತು.

ಹನ್ನೆರಡನೇ ಮೆಟ್ಟು

ಸಿಂಕ್, ಅಂದರೆ ಎಲ್ಲ ಯಂತ್ರ ಒಂದೇ ಲಯದಲ್ಲಿ ಓಡುವುದು, ಅದರ ಬಗ್ಗೆ ಯಾರೂ ಹೇಳಲಿಲ್ಲ. ಡಿಲೇ ಪೆಡಲ್ ಮಿಡಿ ಕ್ಲಾಕ್ ತಗೊಳ್ಳುವಂಥದ್ದಾದರೆ ಸ್ಯಾಂಪ್ಲರನ್ನೇ ಯಜಮಾನ ಮಾಡಿ, ಉಳಿದದ್ದೆಲ್ಲ ಅದರ ಹಿಂದೆ ಬರಲಿ. ಮಿಡಿ ಕ್ಲಾಕ್ ಒಂದು ಬಡಿತಕ್ಕೆ 24 ಪಲ್ಸ್ ಕಳುಹಿಸುತ್ತದೆ. ಪಿಒ-33, ವೋಲ್ಕಾ ಥರದ ಪುಟ್ಟ ಯಂತ್ರಗಳ 3.5 ಎಂಎಂ ಸಿಂಕ್ ಬೇರೆ, ಅದು ಬಡಿತಕ್ಕೆ 2 ಪಲ್ಸ್, ಮಿಡಿ ಅಲ್ಲವೇ ಅಲ್ಲ. ಜಾಕ್ ನೋಡಲು ಒಂದೇ ಥರ ಇರುವುದರಿಂದ ಜನ ತಲೆ ಚಚ್ಚಿಕೊಳ್ಳುತ್ತಾರೆ. ಮಿಡಿಯ 3.5 ಎಂಎಂ ಜಾಕಿನಲ್ಲೂ ಟೈಪ್ ಎ, ಟೈಪ್ ಬಿ ಅಂತ ಎರಡಿವೆ. ಕೇಬಲ್ ತಪ್ಪಿದ್ದರೆ ಏನೂ ಸುಡುವುದಿಲ್ಲ, ಏನೂ ನಡೆಯುವುದೂ ಇಲ್ಲ. ಮ್ಯಾನ್ಯುಯಲ್ ನೋಡಿ ತಗೊಳ್ಳಿ.

ಪೆಡಲಿನಲ್ಲಿ ಮಿಡಿ ಇಲ್ಲದಿದ್ದರೆ 60,000ವನ್ನು ಬಿಪಿಎಂನಿಂದ ಭಾಗಿಸಿ, ಒಂದು ಬಡಿತ ಎಷ್ಟು ಮಿಲಿಸೆಕೆಂಡ್ ಅಂತ ಸಿಗುತ್ತದೆ. ಅದರ ಮುಕ್ಕಾಲು ಭಾಗ ಅಂದರೆ ಡಾಟೆಡ್ ಎಯ್ತ್. 90 ಬಿಪಿಎಂನಲ್ಲಿ ಸರಿಯಾಗಿ 500 ಮಿಲಿಸೆಕೆಂಡ್.

ಒಂಟಿತಂತಿ

ಎಲ್ಲರಿಗೂ ಥ್ಯಾಂಕ್ಸ್, ಕ್ಯಾಪೊ ತಂತ್ರ ಇವತ್ತೇ ನೋಡುತ್ತೇನೆ. ಇನ್ನೆರಡು ಪ್ರಶ್ನೆ. ಓವರ್‌ಡ್ರೈವ್ ಬೇಡ, ಕ್ಲೀನ್ ಸದ್ದು ಬೇಕು ಅಂದಾಗ ಬಫರ್ ಎಲ್ಲಿಂದ ಬರುತ್ತದೆ? ಟ್ಯೂನರ್ ಸಾಕಾ? ಮತ್ತೆ ಸ್ಯಾಂಪ್ಲರನ್ನು ಲ್ಯಾಪ್‌ಟಾಪಿನ ಯುಎಸ್‌ಬಿಗೆ ಹಾಕಿದಾಗ ಕೀಂಯ್ ಅಂತ ಸಣ್ಣ ಸದ್ದು ಬರುತ್ತದೆ, ಮೌಸ್ ಆಡಿಸಿದರೆ ಅದೂ ಆಡುತ್ತದೆ.

ಹನ್ನೆರಡನೇ ಮೆಟ್ಟು

ಟ್ಯೂನರ್ ಯಾವ ಥರದ್ದು ಅನ್ನುವುದರ ಮೇಲೆ ಹೋಗುತ್ತದೆ. ಬಫರ್ಡ್ ಬೈಪಾಸ್ ಆದರೆ ಸಾಕು, ಪೆಡಲ್ ಆಫ್ ಇದ್ದರೂ ಬಫರ್ ಕೆಲಸ ಮಾಡುತ್ತಲೇ ಇರುತ್ತದೆ. ಟ್ರೂ ಬೈಪಾಸ್ ಆದರೆ ಆಫ್ ಮಾಡಿದಾಗ ಅದು ಬರೀ ತಂತಿ ಇದ್ದ ಹಾಗೆ, ಮತ್ತೆ ಅದೇ ಮಂಕು. ಸುಲಭ ಪರೀಕ್ಷೆ: ಟ್ಯೂನರಿನ ಪವರ್ ತೆಗೆದು ನುಡಿಸಿ. ಆಗಲೂ ಗಿಟಾರ್ ಕೇಳಿಸಿದರೆ ಟ್ರೂ ಬೈಪಾಸ್ ಇರಬಹುದು, ಪೂರ್ತಿ ಮೌನವಾದರೆ ಹೆಚ್ಚಾಗಿ ಬಫರ್ಡ್. ಟ್ರೂ ಬೈಪಾಸೇ ಆಗಿದ್ದರೆ ಡಿಲೇ ಆನ್ ಮಾಡಿ ಮಿಕ್ಸ್ ಸೊನ್ನೆಗೆ ಇಳಿಸಿ, ಅದೇ ಬಫರ್ ಆಗುತ್ತದೆ.

ಕೀಂಯ್ ಅನ್ನುವುದು ಗ್ರೌಂಡ್ ಲೂಪ್, ಅಂದರೆ ಯಂತ್ರಗಳ ಗ್ರೌಂಡ್ ಎರಡು ದಾರಿಯಲ್ಲಿ ಸೇರಿಕೊಂಡು ಗದ್ದಲ ತರುವುದು. ಲ್ಯಾಪ್‌ಟಾಪ್ ಕಿತ್ತು ಸ್ಯಾಂಪ್ಲರನ್ನು ಬ್ಯಾಟರಿ ಮೇಲೆ ಓಡಿಸಿ. ಸದ್ದು ನಿಂತರೆ ರೆಕಾರ್ಡ್ ಮಾಡುವಾಗೆಲ್ಲ ಬ್ಯಾಟರಿ ಅಥವಾ ಪವರ್ ಬ್ಯಾಂಕ್, ಲ್ಯಾಪ್‌ಟಾಪ್ ಕೇಬಲ್ ಫೈಲ್ ವರ್ಗಾವಣೆಗೆ ಮಾತ್ರ. ಪವರ್ ಬ್ಯಾಂಕಿನಿಂದ ಪೆಡಲ್‌ಗೂ ಕರೆಂಟ್ ಕೊಡಲು ಹೋಗಬೇಡಿ, ಗ್ರೌಂಡ್ ಲೂಪ್ ಮತ್ತೆ ಕೂಡಿಕೊಳ್ಳುತ್ತದೆ.