ಸಹಾಯ ಬೇಕು: ಸರ್ವರ್ ಫರ್ಮ್‌ವೇರ್ ಅಪ್‌ಡೇಟ್ ಸ್ಕ್ರಿಪ್ಟ್‌ಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಸರ್ವರ್ ರೂಮಿನಲ್ಲಿ ಡೆಲ್ ಮತ್ತು ಎಚ್‌ಪಿಇ ಎರಡೂ ಸರ್ವರ್‌ಗಳಿವೆ. ಅವುಗಳನ್ನು ದೂರದಿಂದ ನಿರ್ವಹಿಸುವ ಐಡ್ರ್ಯಾಕ್ (ಡೆಲ್), ಐಎಲ್‌ಒ (ಎಚ್‌ಪಿಇ) ಪುಟಗಳನ್ನು ಒಂದೊಂದಾಗಿ ತೆರೆದು ಫರ್ಮ್‌ವೇರ್ (ಹಾರ್ಡ್‌ವೇರ್ ಒಳಗೇ ಇರುವ ಸಾಫ್ಟ್‌ವೇರ್) ಹಾಕುತ್ತಾ ಕೂತರೆ ವಾರಾಂತ್ಯವೇ ಮುಗಿಯುತ್ತದೆ. ಇದನ್ನು ರೆಡ್‌ಫಿಶ್ ಮೂಲಕ ಪೈಥಾನ್‌ನಲ್ಲಿ ಆಟೊಮೇಟ್ ಮಾಡಬೇಕೆಂದಿದ್ದೇನೆ.

ರೆಡ್‌ಫಿಶ್ ಎಂದರೆ ಸರ್ವರ್‌ಗಳನ್ನು ನೆಟ್‌ವರ್ಕ್ ಮೂಲಕ ನಿರ್ವಹಿಸಲು 2015ರಲ್ಲಿ ಬಂದ ಸ್ಟ್ಯಾಂಡರ್ಡ್, ಡೆಲ್ ಮತ್ತು ಎಚ್‌ಪಿಇ ಎರಡೂ ಅದನ್ನು ಬೆಂಬಲಿಸುತ್ತವೆ. ಹಾಗಾಗಿ ಯಾವ ಫರ್ಮ್‌ವೇರ್ ಯಾವ ವರ್ಶನ್‌ನಲ್ಲಿದೆ ಎಂಬ ಪಟ್ಟಿ ಎರಡರಲ್ಲೂ ಸುಲಭವಾಗಿ ಸಿಗುತ್ತದೆ. ಅಷ್ಟು ನಾನು ಬರೆದಿದ್ದೇನೆ, ಬೇಕಾದವರಿಗೆ ಕೊಡುತ್ತೇನೆ.

ಕಷ್ಟ ಇರುವುದು ಮುಂದಿನ ಹಂತದಲ್ಲಿ. ಫರ್ಮ್‌ವೇರ್ ಹಾಕಲು ರೆಡ್‌ಫಿಶ್‌ನ ಸಿಂಪಲ್ ಅಪ್‌ಡೇಟ್ ಕಮಾಂಡ್ ಕಳಿಸಿದ ಮೇಲೆ ಕೆಲಸ ಹಿನ್ನೆಲೆಯಲ್ಲಿ ನಡೆಯುತ್ತದೆ, ಆಗಾಗ ಅದರ ಸ್ಥಿತಿ ಕೇಳುತ್ತಿರಬೇಕು. ಆದರೆ ಬಿಎಂಸಿಯ (ಸರ್ವರ್ ಒಳಗಿನ ನಿರ್ವಹಣಾ ಚಿಪ್, ಅಂದರೆ ಐಡ್ರ್ಯಾಕ್ ಅಥವಾ ಐಎಲ್‌ಒ) ಫರ್ಮ್‌ವೇರ್ ಬದಲಾದಾಗ ಬಿಎಂಸಿಯೇ ರೀಸ್ಟಾರ್ಟ್ ಆಗುತ್ತದೆ. ಆಗ ಕನೆಕ್ಷನ್ ಕಡಿದು ಹೋಗುತ್ತದೆ. ಅಪ್‌ಡೇಟ್ ಫೇಲ್ ಆಯಿತಾ, ಸುಮ್ನೆ ಕಾಯಬೇಕಾ ಎಂದು ಸ್ಕ್ರಿಪ್ಟ್‌ಗೆ ಗೊತ್ತಾಗುವುದಿಲ್ಲ. ಬಯಾಸ್ (ಸರ್ವರ್ ಶುರುವಾಗುವಾಗ ಮೊದಲು ಓಡುವ ಫರ್ಮ್‌ವೇರ್) ವಿಷಯ ಬೇರೆ, ಅಲ್ಲಿ ಸರ್ವರನ್ನೇ ರೀಬೂಟ್ ಮಾಡಬೇಕು. ಓಡುತ್ತಿರುವ ಕೆಲಸಗಳನ್ನು ಮೊದಲು ಬೇರೆ ಕಡೆಗೆ ಸಾಗಿಸದೆ ಅದನ್ನು ಮುಟ್ಟಲು ನನಗೆ ಧೈರ್ಯವಿಲ್ಲ.

ಈ ಎರಡನ್ನೂ ಸರಿಯಾಗಿ ನಿಭಾಯಿಸುವ ಸ್ಕ್ರಿಪ್ಟ್ ಅಥವಾ ಆನ್ಸಿಬಲ್ ಪ್ಲೇಬುಕ್ (ಆನ್ಸಿಬಲ್ ಎಂಬ ಆಟೊಮೇಶನ್ ಟೂಲ್‌ಗೆ ಕೊಡುವ ಹಂತಗಳ ಫೈಲ್) ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಹಂಚಿಕೊಳ್ಳಿ. ಅರ್ಧಂಬರ್ಧ ಇದ್ದರೂ ಪರವಾಗಿಲ್ಲ. ಯಾವ ಮಾಡೆಲ್, ಯಾವ ವರ್ಶನ್ ಮೇಲೆ ಓಡಿಸಿದ್ದೀರಿ ಎಂದು ಬರೆದರೆ ಜಾಸ್ತಿ ಉಪಯೋಗ. ಪಾಸ್‌ವರ್ಡ್, ಐಪಿ ವಿಳಾಸಗಳನ್ನು ಮಾತ್ರ ತೆಗೆದು ಹಾಕಿ. ಬಂದದ್ದನ್ನೆಲ್ಲ ಒಂದು ಗಿಟ್ ರೆಪೊದಲ್ಲಿ ಜೋಡಿಸಿ, ಕನ್ನಡದಲ್ಲೇ ವಿವರಣೆ ಬರೆಯುವ ಕೆಲಸ ನನ್ನದು.