ಬಲಗೈ ಬೆರಳು ಕಳೆದುಕೊಂಡವರಿಗೆ ಇಎಸ್‌ಐನಿಂದ ತಿಂಗಳಿಗೆ ಎಷ್ಟು ಬರಬಹುದು? ಲೆಕ್ಕ ಹಾಕುವುದು ಹೇಗೆ?

ಪ್ರಶ್ನೆ: ಕೂರ್ಗಳ್ಳಿಯ ಗೃಹಿಣಿ, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ 41 ವರ್ಷ. ಇಲ್ಲಿನ ಒಂದು ಕಾರ್ಖಾನೆಯಲ್ಲಿ ನಾಲ್ಕು ವರ್ಷಗಳಿಂದ ಪವರ್ ಪ್ರೆಸ್ ಆಪರೇಟರ್ ಆಗಿದ್ದರು. 2024ರ ನವೆಂಬರ್ 12ರಂದು ಎರಡನೇ ಪಾಳಿಯಲ್ಲಿ ಬಲಗೈ ಪ್ರೆಸ್ಸಿಗೆ ಸಿಕ್ಕಿ, ನಾಲ್ಕು ಬೆರಳುಗಳನ್ನೂ ಬುಡದಿಂದ ತೆಗೆಯಬೇಕಾಯಿತು. ಹೆಬ್ಬೆರಳು ಉಳಿದಿದೆ, ಆದರೆ ಮಡಿಚಲು ಬರುವುದಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳುವುದರಿಂದ ಹಿಡಿದು ಸಹಿ ಹಾಕುವವರೆಗೆ ಎಲ್ಲವನ್ನೂ ಈಗ ಎಡಗೈಯಲ್ಲೇ ಕಲಿಯುತ್ತಿದ್ದಾರೆ.

ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡೆಯಿಂದ ಈಗ ದಿನಕ್ಕೆ 540 ರೂಪಾಯಿಯಂತೆ ಅವರ ಖಾತೆಗೆ ಹಣ ಬರುತ್ತಿದೆ. ಗಾಯ ಮಾಗಿರುವುದರಿಂದ ಇನ್ನು ಮೆಡಿಕಲ್ ಬೋರ್ಡಿಗೆ ಕಳುಹಿಸುತ್ತೇವೆ ಎಂದು ಡಿಸ್ಪೆನ್ಸರಿಯಲ್ಲಿ ಹೇಳಿದ್ದಾರೆ. ಅವರ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು, ಪ್ರೆಸ್ ಕೆಲಸ ಇನ್ನು ಸಾಧ್ಯವೇ ಇಲ್ಲವಾದ್ದರಿಂದ ಈಗ ಬರುತ್ತಿರುವಷ್ಟೇ ಹಣ ಜೀವನಪೂರ್ತಿ ಬರುತ್ತದೆ ಎನ್ನುತ್ತಾರೆ. ನನ್ನ ತಮ್ಮ ಅದರಲ್ಲಿ ಅರ್ಧ ಬಂದರೆ ಹೆಚ್ಚು ಎನ್ನುತ್ತಾನೆ. ಮಗಳು ಪಿಯುಸಿ ಓದುತ್ತಿದ್ದಾಳೆ, ಮನೆ ಬಾಡಿಗೆಯದು. ಬೋರ್ಡ್ ಹೇಳುವವರೆಗೆ ಕಾದು ಕೂರುವ ಬದಲು, ತಿಂಗಳಿಗೆ ಎಷ್ಟರಲ್ಲಿ ಸಂಸಾರ ನಡೆಸಬೇಕಾದೀತು ಎಂಬ ಅಂದಾಜು ನನಗೆ ಈಗಲೇ ಬೇಕಾಗಿದೆ. ಪಿಎಫ್ ಕಡೆಯಿಂದ ಪಿಂಚಣಿ ಬರುತ್ತದೆಯೇ? ಜೊತೆಗೆ, ಕಂಪನಿಯವರು ‘ಸ್ವಂತ ಕಾರಣಗಳಿಂದ ಕೆಲಸ ಬಿಡುತ್ತಿದ್ದೇನೆ’ ಎಂದು ಟೈಪು ಮಾಡಿದ ಪತ್ರವೊಂದನ್ನು ಸಹಿಗೆ ಕಳುಹಿಸಿದ್ದಾರೆ. ಅದನ್ನು ಏನು ಮಾಡಬೇಕು? ತಿಳಿದವರು ದಯವಿಟ್ಟು ಹೇಳಿ.

ಉತ್ತರ: ಟೈಂ ಆಫೀಸ್ ನಿವೃತ್ತ, ಮದ್ದೂರು

ಅಮ್ಮಾ, ನಿಮ್ಮ ಯಜಮಾನರ ವಿಷಯ ಓದಿ ಬಹಳ ಸಂಕಟವಾಯಿತು. ಕಾರ್ಖಾನೆಯ ಟೈಂ ಆಫೀಸಿನಲ್ಲಿ ಇಎಸ್‌ಐ, ಪಿಎಫ್ ಲೆಕ್ಕಗಳನ್ನೇ ನೋಡಿಕೊಂಡು ನಿವೃತ್ತನಾದವನು ನಾನು. ಈ ಅಂದಾಜನ್ನು ಮನೆಯಲ್ಲೇ ಕುಳಿತು ಬಹುಮಟ್ಟಿಗೆ ಸರಿಯಾಗಿ ಮಾಡಬಹುದು. ಎರಡೇ ಅಂಕಿಗಳು ಬೇಕು. ಒಂದು, ಸರಾಸರಿ ದಿನಗೂಲಿ; ಇನ್ನೊಂದು, ದುಡಿಮೆಯ ಸಾಮರ್ಥ್ಯ ಶೇಕಡಾ ಎಷ್ಟು ನಷ್ಟವಾಗಿದೆ ಎಂದು ಬೋರ್ಡ್ ನಿಗದಿ ಮಾಡುವ ಅಂಕಿ. ಹಳೆಯ ಕೆಲಸ ಮಾಡಲು ಆಗುವುದಿಲ್ಲ ಎಂಬ ಮಾತು ಎಷ್ಟೇ ನಿಜವಾದರೂ ಅದರಿಂದಲೇ ಪೂರ್ತಿ ದರ ಸಿಗುವುದಿಲ್ಲ. ಹೀಗಾಗಿ ನಿಮ್ಮ ತಮ್ಮನ ಮಾತು ವಾಸ್ತವಕ್ಕೆ ಹತ್ತಿರವಾಗಿದೆ.

ಮೊದಲು ದಿನಗೂಲಿಯನ್ನು ನೋಡೋಣ. ಇಎಸ್‌ಐ ಲೆಕ್ಕದಲ್ಲಿ ಅಪಘಾತವಾದ ತಿಂಗಳ ಸಂಬಳವನ್ನು ಹಿಡಿಯುವುದಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ವಂತಿಗೆ ಅವಧಿ (ಇಎಸ್‌ಐಗೆ ಹಣ ಕಟ್ಟುವ ಅವಧಿ), ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಇನ್ನೊಂದು. ಜುಲೈಯಿಂದ ಡಿಸೆಂಬರ್‌ವರೆಗಿನ ಸೌಲಭ್ಯ ಅವಧಿಯಲ್ಲಿ ಅಪಘಾತವಾದರೆ ಅದಕ್ಕೆ ಹಿಂದಿನ ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ವಂತಿಗೆ ಅವಧಿಯ ಸಂಬಳವೇ ಆಧಾರ. ನಿಮ್ಮ ಯಜಮಾನರಿಗೆ ಅನ್ವಯಿಸುವುದು 2023ರ ಅಕ್ಟೋಬರ್ 1ರಿಂದ 2024ರ ಮಾರ್ಚ್ 31ರವರೆಗಿನ ಆರು ತಿಂಗಳು. ಆ ಅವಧಿಯಲ್ಲಿ ಬಂದ ಒಟ್ಟು ವೇತನವನ್ನು, ಎಷ್ಟು ದಿನಗಳಿಗೆ ವೇತನ ಸಂದಿದೆಯೋ ಅಷ್ಟು ದಿನಗಳಿಂದ ಭಾಗಿಸಿದರೆ ಸರಾಸರಿ ದಿನಗೂಲಿ ಸಿಗುತ್ತದೆ. ಓವರ್‌ಟೈಮ್ ಹಣವೂ ಇದರಲ್ಲಿ ಸೇರುತ್ತದೆ. ಅಂಗವಿಕಲತೆಯ ಪೂರ್ಣ ದರವೆಂದರೆ ಈ ಸರಾಸರಿಯ ಶೇ. 90. ನಿಮಗೆ ಬರುತ್ತಿರುವುದು 540 ಎಂದರೆ ಅವರು ಸರಾಸರಿಯನ್ನು 600 ರೂಪಾಯಿ ಎಂದು ಹಿಡಿದಿದ್ದಾರೆ. ಮೂವತ್ತು ದಿನಕ್ಕೆ 16,200 ಆಯಿತು. ಇದು ತಾತ್ಕಾಲಿಕ ಅಂಗವಿಕಲತೆಯ ಸೌಲಭ್ಯ. ವೈದ್ಯರು ಅಂತಿಮ ಸರ್ಟಿಫಿಕೇಟ್ ಕೊಟ್ಟ ದಿನಕ್ಕೆ ನಿಲ್ಲುತ್ತದೆ.

ಆಮೇಲೆ ಶುರುವಾಗುವುದು ಶಾಶ್ವತ ಅಂಗವಿಕಲತೆಯ ಸೌಲಭ್ಯ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ, ನಿಮ್ಮ ಯಜಮಾನರ ಅಪಘಾತಕ್ಕೆ ಅನ್ವಯಿಸುವ ಇಎಸ್‌ಐ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಯಾವ ಅಂಗ ಹೋದರೆ ಎಷ್ಟು ನಷ್ಟವೆಂಬ ಪಟ್ಟಿ ಇದೆ. ತೋರುಬೆರಳು ಪೂರ್ತಿ ಹೋದರೆ ಶೇ. 14, ಹೆಬ್ಬೆರಳಿಗೆ ಶೇ. 30, ಒಂದು ಕೈಯ ನಾಲ್ಕು ಬೆರಳುಗಳಿಗೆ ಶೇ. 50. ಆ ಪ್ರಕಾರ 540ರ ಅರ್ಧ, ಎಂದರೆ ದಿನಕ್ಕೆ 270, ತಿಂಗಳಿಗೆ ಸುಮಾರು 8,100 ರೂಪಾಯಿ ಜೀವನಪರ್ಯಂತ ಬರುತ್ತದೆ. ನಾಳೆ ಅವರು ಬೇರೆ ಕೆಲಸಕ್ಕೆ ಸೇರಿ ಸಂಪಾದಿಸಿದರೂ ಇದು ನಿಲ್ಲುವುದಿಲ್ಲ. ಬೆಲೆ ಏರಿಕೆಯನ್ನು ನೋಡಿಕೊಂಡು ಇಎಸ್‌ಐ ನಿಗಮವು ಕಾಲಕಾಲಕ್ಕೆ ದರವನ್ನು ಹೆಚ್ಚಿಸುವುದೂ ಉಂಟು.

ಒಂದು ವಿಷಯಕ್ಕೆ ನೀವು ಈಗಲೇ ಸಿದ್ಧರಾಗಿರಬೇಕು. ತಾತ್ಕಾಲಿಕ ಸೌಲಭ್ಯ ನಿಂತ ದಿನಕ್ಕೂ ಬೋರ್ಡಿನ ತೀರ್ಮಾನ ಬಂದು ಹಣ ಕೈಸೇರುವ ದಿನಕ್ಕೂ ನಡುವೆ ಕೆಲವು ತಿಂಗಳುಗಳ ಅಂತರ ಬೀಳಬಹುದು. ಬಾಕಿಯೆಲ್ಲ ಆಮೇಲೆ ಒಟ್ಟಿಗೆ ಬರುತ್ತದೆ, ನಿಜ. ಆದರೆ ಬಾಡಿಗೆ ಕಾಯುವುದಿಲ್ಲ. ಈಗ ಬರುತ್ತಿರುವುದರಲ್ಲಿ ಸ್ವಲ್ಪವನ್ನಾದರೂ ಆ ತಿಂಗಳುಗಳಿಗಾಗಿ ಎತ್ತಿಡಿ.

ಕೊನೆಯದಾಗಿ, ಅವರ ವಿಮಾ ಸಂಖ್ಯೆಯಿಂದ ಇಎಸ್‌ಐ ಪೋರ್ಟಲ್‌ಗೆ ಲಾಗಿನ್ ಆಗಿ ಆ ಆರು ತಿಂಗಳ ವಂತಿಗೆ ವಿವರವನ್ನು ತೆಗೆಯಿರಿ. ತಿಂಗಳುವಾರು ದಿನಗಳು ಮತ್ತು ವೇತನ ಎರಡೂ ಅಲ್ಲಿ ಕಾಣುತ್ತವೆ. ಪೇ ಸ್ಲಿಪ್ ಪಕ್ಕದಲ್ಲಿಟ್ಟುಕೊಂಡು ಒಂದೊಂದು ತಿಂಗಳನ್ನೂ ತಾಳೆ ನೋಡಿ.

ಉತ್ತರ: ಕಾರ್ಮಿಕ ವಕೀಲೆ, ಮೈಸೂರು

ಹಿರಿಯರು ಹೇಳಿರುವ ಲೆಕ್ಕ ಸರಿಯಾಗಿದೆ. ಆದರೆ ಶೇ. 50 ಎಂಬಲ್ಲಿಗೇ ನಿಲ್ಲುವುದನ್ನು ನಾನು ಒಪ್ಪಲಾರೆ. ಹೆಬ್ಬೆರಳು ಮಡಿಚಲು ಬರುವುದಿಲ್ಲ ಎಂದು ನೀವು ಬರೆದಿದ್ದೀರಿ, ಈ ಪ್ರಕರಣದಲ್ಲಿ ಅತಿ ಮುಖ್ಯವಾದ ಸಂಗತಿ ಅದೇ. ಯಾವುದೇ ಅಂಗವು ಕೈಗೆ ಅಂಟಿಕೊಂಡಿದ್ದರೂ ಅದರ ಉಪಯೋಗ ಪೂರ್ಣವಾಗಿ ಮತ್ತು ಶಾಶ್ವತವಾಗಿ ಹೋಗಿದ್ದರೆ, ಆ ಅಂಗವೇ ಹೋದಂತೆ ಭಾವಿಸಬೇಕು ಎಂದು ಅದೇ ಅನುಸೂಚಿಯ ಕೊನೆಯ ಟಿಪ್ಪಣಿ ಹೇಳುತ್ತದೆ. ಹೆಬ್ಬೆರಳು ಮತ್ತು ನಾಲ್ಕು ಬೆರಳುಗಳು ಹೋದರೆ ಕೈಯೇ ಹೋದಂತೆ, ಅದಕ್ಕೆ ಶೇ. 60. ಆಗ ದಿನಕ್ಕೆ 324, ತಿಂಗಳಿಗೆ 9,720 ರೂಪಾಯಿ. ಆದ್ದರಿಂದ ಬೋರ್ಡಿಗೆ ಹೋಗುವ ಮುನ್ನ ಮೂಳೆ ತಜ್ಞರಿಂದ ಹೆಬ್ಬೆರಳಿನ ಚಲನೆ ಎಷ್ಟಿದೆ, ಹಿಡಿತ ಇದೆಯೇ ಇಲ್ಲವೇ, ಸುಧಾರಣೆಯ ಸಾಧ್ಯತೆ ಇದೆಯೇ ಎಂಬುದನ್ನು ಸ್ಪಷ್ಟವಾಗಿ ಬರೆಸಿಕೊಳ್ಳಿ. ಎಕ್ಸ್‌ರೇ, ಡಿಸ್ಚಾರ್ಜ್ ಸಾರಾಂಶ, ಅಪಘಾತ ವರದಿಯಾದ ಫಾರಂ 12ರ ಪ್ರತಿ, ಇವೆಲ್ಲ ಕೈಯಲ್ಲಿರಲಿ. ಬೋರ್ಡಿನ ತೀರ್ಮಾನ ಕಡಿಮೆ ಎನಿಸಿದರೆ, ಅದು ತಲುಪಿದ ಮೂರು ತಿಂಗಳೊಳಗೆ ವೈದ್ಯಕೀಯ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು, ಇಲ್ಲವೇ ನೇರವಾಗಿ ಇಎಸ್‌ಐ ನ್ಯಾಯಾಲಯಕ್ಕೂ ಹೋಗಬಹುದು.

ಸಹೋದ್ಯೋಗಿ ಹೇಳಿದ ‘ಪೂರ್ತಿ ಬರುತ್ತದೆ’ ಎಂಬ ಮಾತಿಗೂ ಒಂದು ಮೂಲವಿದೆ. ಮೊಣಕೈಯಿಂದ ಮೇಲೆ ಎಡಗೈ ಕಳೆದುಕೊಂಡ ಬಡಗಿಯೊಬ್ಬರು ಇನ್ನು ಬಡಗಿ ಕೆಲಸ ಮಾಡಲಾರರು, ಆದ್ದರಿಂದ ನಷ್ಟ ಶೇ. 100 ಎಂದು ಸುಪ್ರೀಂ ಕೋರ್ಟ್ ಎತ್ತಿಹಿಡಿದ ತೀರ್ಪು 1976ರ ವರದಿಗಳಲ್ಲಿದೆ. ಅದು ಕಾರ್ಮಿಕರ ಪರಿಹಾರ ಕಾಯ್ದೆಯಡಿಯ ಪ್ರಕರಣ. ಇಎಸ್‌ಐ ನ್ಯಾಯಾಲಯದಲ್ಲಿ ವಾದಕ್ಕೆ ಅದನ್ನು ಬಳಸಬಹುದು, ಆದರೆ ಮನೆಯ ಬಜೆಟ್ಟನ್ನು ಅದರ ಮೇಲೆ ಕಟ್ಟಬೇಡಿ. ಹಾಗೆಯೇ ಯುಡಿಐಡಿ ಕಾರ್ಡಿನಲ್ಲಿ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಬರೆಯುವ ಶೇಕಡಾವಾರು ಬೇರೆ ಮಾನದಂಡದ್ದು. ಆ ಕಾರ್ಡನ್ನು ಖಂಡಿತ ಮಾಡಿಸಿಕೊಳ್ಳಿ, ಇಎಸ್‌ಐ ಲೆಕ್ಕಕ್ಕೆ ಮಾತ್ರ ಅದನ್ನು ಬೆರೆಸಬೇಡಿ.

ಇನ್ನು ಆ ಪತ್ರ. ದಯವಿಟ್ಟು ಸಹಿ ಹಾಕಿಸಬೇಡಿ. ತಾತ್ಕಾಲಿಕ ಅಂಗವಿಕಲತೆಯ ಸೌಲಭ್ಯ ಪಡೆಯುತ್ತಿರುವ ಅವಧಿಯಲ್ಲಿ ಮಾಲೀಕರು ನೌಕರನನ್ನು ಕೆಲಸದಿಂದ ತೆಗೆಯುವಂತಿಲ್ಲ ಎಂದು ಅದೇ ಇಎಸ್‌ಐ ಕಾಯ್ದೆಯ 73ನೇ ಕಲಮು ಹೇಳುತ್ತದೆ. ತಾನಾಗಿಯೇ ಬಿಟ್ಟೆ ಎಂದು ಬರೆದುಕೊಟ್ಟರೆ ಆ ರಕ್ಷಣೆಯ ಜೊತೆಗೆ ಗ್ರಾಚ್ಯುಟಿಗೂ ಕುತ್ತು ಬರುತ್ತದೆ. ಸಾಮಾನ್ಯವಾಗಿ ಗ್ರಾಚ್ಯುಟಿಗೆ ಐದು ವರ್ಷಗಳ ಸೇವೆ ಬೇಕು, ಅವರದು ನಾಲ್ಕೇ ವರ್ಷ. ಅಂಗವಿಕಲತೆಯಿಂದ ಸೇವೆ ಕೊನೆಗೊಂಡರೆ ಐದು ವರ್ಷದ ನಿಯಮ ಅನ್ವಯಿಸುವುದಿಲ್ಲ. ಗ್ರಾಚ್ಯುಟಿಯ ನಿಯಮ ಕೇಳುವುದು, ಅಪಘಾತಕ್ಕೆ ಮೊದಲು ಮಾಡಬಲ್ಲವರಾಗಿದ್ದ ಕೆಲಸವನ್ನು ಈಗ ಮಾಡಲು ಆಗುತ್ತದೆಯೇ ಎಂಬುದನ್ನು ಮಾತ್ರ. ಪ್ರೆಸ್ ನಡೆಸಲಾರರು ಎಂಬ ಕಾರಣ ಅಲ್ಲಿ ನಿಮ್ಮ ಪರವಾಗಿ ನಿಲ್ಲುತ್ತದೆ. ಮೂಲ ವೇತನ ಮತ್ತು ಡಿಎ ಸೇರಿ 13,000 ಇದ್ದರೆ, ಅದನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ ನಾಲ್ಕು ವರ್ಷಕ್ಕೆ ಲೆಕ್ಕ ಹಾಕಿದಾಗ 30,000 ರೂಪಾಯಿ ಬರುತ್ತದೆ. ಕೆಲಸ ಕೊನೆಗೊಳ್ಳುವುದೇ ಆದರೆ ‘ಉದ್ಯೋಗ ಸಂಬಂಧಿ ಅಪಘಾತದಿಂದ ಉಂಟಾದ ಅಂಗವಿಕಲತೆಯ ಕಾರಣ’ ಎಂಬ ಮಾತು ಕಾಗದದಲ್ಲಿ ಇರಲೇಬೇಕು.

ಪಿಎಫ್ ಇಲಾಖೆಯ ಅಂಗವಿಕಲತೆ ಪಿಂಚಣಿಯ ಮೇಲೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. 1995ರ ಪಿಂಚಣಿ ಯೋಜನೆಯಲ್ಲಿ ಅದಕ್ಕೆ ಹತ್ತು ವರ್ಷಗಳ ಸೇವೆ ಬೇಕಿಲ್ಲ, ಒಂದು ತಿಂಗಳ ವಂತಿಗೆ ಸಂದಿದ್ದರೂ ಸಾಕು. ಆದರೆ ಅಂಗವಿಕಲತೆ ಶಾಶ್ವತವೂ ಸಂಪೂರ್ಣವೂ ಆಗಿರಬೇಕು. ಒಂದು ವೇಳೆ ಮಂಜೂರಾದರೂ 13,000ವನ್ನು ನಾಲ್ಕರಿಂದ ಗುಣಿಸಿ 70ರಿಂದ ಭಾಗಿಸಿದರೆ 743 ರೂಪಾಯಿ, ಕನಿಷ್ಠ ಪಿಂಚಣಿಯ ನಿಯಮದಿಂದ ಅದು 1,000 ಆಗುತ್ತದೆ. ಅದಕ್ಕಿಂತ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮೇ ಅಥವಾ ಜೂನ್ ತಿಂಗಳಲ್ಲಿ 20 ರೂಪಾಯಿ ಕಡಿತವಾಗಿದೆಯೇ ನೋಡಿ. ಆಗಿದ್ದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ರಕ್ಷಣೆ ಇದೆ ಎಂದರ್ಥ. ಒಂದು ಕೈಯ ಉಪಯೋಗ ಪೂರ್ತಿ ಹೋದರೆ ಅದರಲ್ಲಿ ಒಂದು ಲಕ್ಷ ರೂಪಾಯಿ ಇದೆ. ಇಲ್ಲಿಯೂ ಹೆಬ್ಬೆರಳಿನ ಬಗ್ಗೆ ವೈದ್ಯರು ಏನು ಬರೆಯುತ್ತಾರೆ ಎಂಬುದೇ ನಿರ್ಣಾಯಕ. ತಡಮಾಡದೆ ಬ್ಯಾಂಕಿಗೆ ಅರ್ಜಿ ಕೊಡಿ.

ಪ್ರತಿಕ್ರಿಯೆ: ಕಬ್ಬು ಬೆಳೆಗಾರ, ಮಂಡ್ಯ

ಇದೇ ವಿಷಯಕ್ಕೆ ಸೇರಿದ ಒಂದು ಪ್ರಶ್ನೆ. ನಮ್ಮೂರಿನ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವಾಗ 35 ವರ್ಷದ ಕೂಲಿಕಾರರೊಬ್ಬರ ಕೈ ಮಣಿಕಟ್ಟಿನವರೆಗೆ ಹೋಗಿದೆ. ಅಲ್ಲಿ ಇಎಸ್‌ಐ ಇಲ್ಲ. ತಿಂಗಳಿಗೆ 12,000ದಷ್ಟು ಕೂಲಿ ಬರುತ್ತಿತ್ತು. ಅವರಿಗೆ ಏನೂ ಇಲ್ಲವೇ?

ಉತ್ತರ: ಕಾರ್ಮಿಕ ವಕೀಲೆ, ಮೈಸೂರು

ಖಂಡಿತ ಇದೆ ಸರ್. ಇಎಸ್‌ಐ ಇಲ್ಲದ ಕಡೆ 2025ರ ನವೆಂಬರ್ 21ಕ್ಕೆ ಮೊದಲಿನ ಅಪಘಾತಗಳಿಗೆ 1923ರ ನೌಕರರ ಪರಿಹಾರ ಕಾಯ್ದೆ (ಮೇಲೆ ಹೇಳಿದ ಕಾರ್ಮಿಕರ ಪರಿಹಾರ ಕಾಯ್ದೆಯ ನಂತರದ ಹೆಸರು) ಅನ್ವಯಿಸುತ್ತದೆ, ಹೊಣೆ ಆಲೆಮನೆಯ ಮಾಲೀಕರದು. ಅಲ್ಲಿ ತಿಂಗಳ ಹಣದ ಬದಲು ಒಂದೇ ಗಂಟು. ತಿಂಗಳ ವೇತನದ ಶೇ. 60, ಎಂದರೆ 7,200; ಅದನ್ನು 35ನೇ ವಯಸ್ಸಿಗೆ ನಿಗದಿಯಾದ 197.06 ಎಂಬ ಗುಣಕದಿಂದ ಗುಣಿಸಿ, ಕೈ ಹೋದದ್ದಕ್ಕೆ ಶೇ. 60 ತೆಗೆದರೆ ಸುಮಾರು 8,51,000 ರೂಪಾಯಿ ಆಗುತ್ತದೆ. ವೇತನ ಎಷ್ಟೇ ಇದ್ದರೂ ಈ ಲೆಕ್ಕಕ್ಕೆ 15,000ಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಮೇಲೆ ಹೇಳಿದ ಬಡಗಿಯ ತೀರ್ಪು ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ಅಪಘಾತವಾದ ಎರಡು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ಮಾಲೀಕರು ಹತ್ತೋ ಇಪ್ಪತ್ತೋ ಸಾವಿರ ಕೈಗಿಟ್ಟು ರಾಜಿ ಪತ್ರ ಬರೆಸಿಕೊಳ್ಳುವುದಕ್ಕೆ ಅವಕಾಶ ಕೊಡಬೇಡಿ.

ಪ್ರತಿಕ್ರಿಯೆ: ಕೂರ್ಗಳ್ಳಿಯ ಗೃಹಿಣಿ, ಮೈಸೂರು

ಇಬ್ಬರಿಗೂ ಕೈಮುಗಿಯುತ್ತೇನೆ. ಪತ್ರಕ್ಕೆ ಸಹಿ ಹಾಕಿಸಿಲ್ಲ. ಮಗಳ ಕೈಯಲ್ಲಿ ಪೋರ್ಟಲ್ ತೆಗೆಸಿ ನೋಡಿದೆ. ಆರು ತಿಂಗಳಿಗೆ ಒಟ್ಟು 1,09,800 ರೂಪಾಯಿ, 183 ದಿನ ಎಂದಿದೆ. ಆದರೆ 2024ರ ಫೆಬ್ರವರಿಯಲ್ಲಿ ನಾದಿನಿಯ ಮದುವೆಗೆಂದು ಅವರು ಒಂಬತ್ತು ದಿನ ಸಂಬಳವಿಲ್ಲದ ರಜೆ ಹಾಕಿದ್ದರು. ಪೇ ಸ್ಲಿಪ್ಪಿನಲ್ಲಿ ಸಂಬಳ ಕಡಿತವಾಗಿದೆ, ಪೋರ್ಟಲ್‌ನಲ್ಲಿ ಮಾತ್ರ ಆ ತಿಂಗಳು ಪೂರ್ತಿ 29 ದಿನ ಎಂದು ತೋರಿಸುತ್ತಿದೆ. ಇದರಿಂದ ವ್ಯತ್ಯಾಸವಾಗುತ್ತದೆಯೇ?

ಉತ್ತರ: ಟೈಂ ಆಫೀಸ್ ನಿವೃತ್ತ, ಮದ್ದೂರು

ಆಗುತ್ತದೆ ಅಮ್ಮಾ, ಅದೂ ಜೀವನಪೂರ್ತಿ. ಹಣ ಕಡಿಮೆ ತೋರಿಸಿ ದಿನಗಳನ್ನು ಮಾತ್ರ ಪೂರ್ತಿ ತೋರಿಸಿದ್ದರಿಂದ ಸರಾಸರಿ ಕೆಳಗಿಳಿದಿದೆ. 1,09,800ನ್ನು ಸಂಬಳ ಸಂದ 174 ದಿನಗಳಿಂದ ಭಾಗಿಸಿದರೆ ದಿನಗೂಲಿ 631 ರೂಪಾಯಿ 3 ಪೈಸೆ, ಅದರ ಶೇ. 90 ಎಂದರೆ 567 ರೂಪಾಯಿ 93 ಪೈಸೆ. ಈವರೆಗೆ ಬಂದಿರುವ ಹಣದಲ್ಲೂ ದಿನಕ್ಕೆ ಸುಮಾರು 28 ರೂಪಾಯಿ ಕಡಿಮೆ ಬಂದಿದೆ. ಬೋರ್ಡ್ ಶೇ. 50 ಎಂದರೆ ತಿಂಗಳಿಗೆ 8,100ರ ಜಾಗದಲ್ಲಿ ಸುಮಾರು 8,519, ಮೇಡಂ ಹೇಳಿದಂತೆ ಶೇ. 60 ಆದರೆ ಸುಮಾರು 10,223.

ಫೆಬ್ರವರಿಯ ಪೇ ಸ್ಲಿಪ್, ಸಂಬಳ ಜಮೆಯಾದ ಬ್ಯಾಂಕ್ ಪುಟ ಮತ್ತು ಪೋರ್ಟಲ್ ವಿವರದ ಪ್ರತಿಗಳನ್ನು ಲಗತ್ತಿಸಿ ಇಎಸ್‌ಐ ಶಾಖಾ ಕಚೇರಿಯ ವ್ಯವಸ್ಥಾಪಕರಿಗೆ ಒಂದು ಅರ್ಜಿ ಬರೆಯಿರಿ. ಆ ತಿಂಗಳ ಹಾಜರಿ ಪುಸ್ತಕ ಮತ್ತು ವೇತನ ರಿಜಿಸ್ಟರನ್ನು ಕಾರ್ಖಾನೆಯಿಂದ ತರಿಸಿ ದಿನಗಳನ್ನು ಸರಿಪಡಿಸಬೇಕು, ಕಡಿಮೆ ಬಂದಿರುವ ಬಾಕಿಯನ್ನೂ ಕೊಡಬೇಕು ಎಂದು ಅದರಲ್ಲಿ ಕೇಳಿ. ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಮತ್ತು ತಾರೀಖು ಹಾಕಿಸಿಕೊಂಡು ಬನ್ನಿ. ಬೋರ್ಡಿನ ಮುಂದೆ ಹೋಗುವ ಮೊದಲೇ ಇದನ್ನು ಮುಗಿಸಿದರೆ ಒಳ್ಳೆಯದು.

ಶಾಖಾ ಕಚೇರಿಗೆ ಹೋದಾಗಲೇ ಇನ್ನೊಂದನ್ನೂ ವಿಚಾರಿಸಿ. ಈ ಅಂಗವಿಕಲತೆಯಿಂದಾಗಿ ಅವರು ಕೆಲಸದಿಂದ ಹೊರಗುಳಿಯಬೇಕಾಗಿ ಬಂದರೂ, ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ನಿವೃತ್ತಿ ವಯಸ್ಸಿನವರೆಗೆ ಅವರಿಗೂ ನಿಮಗೂ ಇಎಸ್‌ಐ ವೈದ್ಯಕೀಯ ಸೌಲಭ್ಯ ಮುಂದುವರಿಯುತ್ತದೆ. ಆ ಅರ್ಜಿಯ ನಮೂನೆಯನ್ನು ಅಲ್ಲೇ ಕೊಡುತ್ತಾರೆ.